ಆಕ್ಸೆಸ್ ಕೀ, ಶಾರ್ಟ್‌ಕಟ್ ಕೀ: ಎರಡೂ ಒಂದೇ ಅಲ್ಲ

ಮೌಸ್ ಮುಟ್ಟದೆ ಕೀಬೋರ್ಡಿನಿಂದಲೇ ಕೆಲಸ ಮುಗಿಸುವ ಉಪಾಯಗಳನ್ನೆಲ್ಲ ನಾವು ಸಾರಾಸಗಟಾಗಿ ‘ಶಾರ್ಟ್‌ಕಟ್’ ಎಂದುಬಿಡುತ್ತೇವೆ. ಬಳಸುವವರಿಗೆ ಅಷ್ಟು ಸಾಕು. ತಂತ್ರಾಂಶ ರೂಪಿಸುವವರೂ ಹಾಗೆಯೇ ಅಂದುಕೊಂಡರೆ ಮಾತ್ರ ಮೆನುವಿನ ಹದ ಕೆಡುತ್ತದೆ. ಇಲ್ಲಿ ಎರಡು ಬಗೆಯ ಕೀಗಳಿವೆ. ಒಂದು ಮೆನುವಿನಲ್ಲಿ ಬರೆದಿರುವ ಹೆಸರಿಗೆ ಅಂಟಿಕೊಂಡಿದ್ದು, ಇನ್ನೊಂದು ಆ ಹೆಸರಿನ ಹಿಂದಿರುವ ಕೆಲಸಕ್ಕೆ ಸೇರಿದ್ದು.

ವಿಂಡೋಸ್‌ನ ಹಳೆಯ ಇಂಗ್ಲಿಷ್ ನೋಟ್‌ಪ್ಯಾಡ್ ತೆರೆದು ಆಲ್ಟ್ ಒತ್ತಿ. ‘ಫೈಲ್’ನ ಎಫ್ ಅಕ್ಷರದಡಿ ಗೆರೆ ಮೂಡುತ್ತದೆ. ಎಫ್ ಒತ್ತಿದರೆ ಪಟ್ಟಿ ಇಳಿಯುತ್ತದೆ. ಅದರಲ್ಲಿ ‘ಸೇವ್’ಗೆ ಎಸ್, ‘ಸೇವ್ ಆ್ಯಸ್’ಗೆ ಎ, ‘ಎಕ್ಸಿಟ್’ಗೆ ಎಕ್ಸ್. ಈ ಅಡಿಗೆರೆಯ ಅಕ್ಷರವೇ ಆಕ್ಸೆಸ್ ಕೀ. ನೆಮೋನಿಕ್ ಎಂದು ಕರೆಯುವವರೂ ಇದ್ದಾರೆ. ಕಣ್ಣೆದುರಿಗಿರುವ ಗೆರೆ ನೋಡಿಕೊಂಡು ಒತ್ತುವುದರಿಂದ ಬಾಯಿಪಾಠದ ಗೋಜಿಲ್ಲ. ಒಂದೇ ಪಟ್ಟಿಯಲ್ಲಿ ಎರಡು ಹೆಸರುಗಳಿಗೆ ಒಂದೇ ಅಕ್ಷರ ಕೊಟ್ಟರೆ ಮಾತ್ರ ಕೆಲಸ ಕೆಟ್ಟಿತು: ಒತ್ತಿದಾಗ ಯಾವುದೂ ನಡೆಯುವುದಿಲ್ಲ, ಆಯ್ಕೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ ಅಷ್ಟೇ, ಆಮೇಲೆ ಎಂಟರ್ ಒತ್ತಬೇಕು. ವಿಂಡೋಸ್ 2000ದಿಂದೀಚೆಗೆ ಆಲ್ಟ್ ಒತ್ತುವವರೆಗೂ ಈ ಗೆರೆಗಳನ್ನು ಮರೆಮಾಡಿದರು. ನೋಟಕ್ಕೆ ಅಚ್ಚುಕಟ್ಟಾಯಿತು, ನಿಜ. ಇಂಥ ಸೌಕರ್ಯವೊಂದಿದೆ ಎಂಬುದೇ ಅನೇಕರಿಗೆ ತಿಳಿಯದೆ ಹೋಗಿದ್ದೂ ಅದರಿಂದಲೇ ಎಂಬುದು ನನ್ನ ಗುಮಾನಿ. ಮ್ಯಾಕ್ ಮೆನುಗಳಲ್ಲಂತೂ ಈ ಅಡಿಗೆರೆಯ ಪದ್ಧತಿಯೇ ಇಲ್ಲ.

ಕಂಟ್ರೋಲ್+ಎಸ್ ಬೇರೆ ಜಾತಿ. ಅದು ಶಾರ್ಟ್‌ಕಟ್ ಕೀ. ಮೆನು ತೆರೆಯದೆಯೇ ನೇರವಾಗಿ ಕೆಲಸಕ್ಕೆ ಇಳಿಯುತ್ತದೆ. ಮೆನುವಿನ ಬಲತುದಿಯಲ್ಲಿ ಅದನ್ನು ಬರೆದಿರುವುದು ಕಲಿಯಲಿಕ್ಕೆ ಮಾತ್ರ. ಕಲಿತ ಮೇಲೆ ನೆನಪಿಟ್ಟುಕೊಳ್ಳುವುದು ಬೆರಳು. ಬೆರಳಿಗೆ ಯಾವ ತಂತ್ರಾಂಶದಲ್ಲಿದ್ದೇನೆ ಎಂಬ ಪರಿವೆ ಇರುವುದಿಲ್ಲ. ಆದ್ದರಿಂದಲೇ ಶಾರ್ಟ್‌ಕಟ್ ಎಲ್ಲ ಕಡೆಯೂ ಒಂದೇ ಆಗಿರಬೇಕು.

ಈ ಒಮ್ಮತ ತಾನಾಗಿ ಬಂದದ್ದಲ್ಲ. 1983ರಲ್ಲಿ ಬಂದ ಆಪಲ್ ಲೀಸಾ ಕಂಪ್ಯೂಟರಿನಲ್ಲಿ, ಲ್ಯಾರಿ ಟೆಸ್ಲರ್ ಇದ್ದ ತಂಡ ರದ್ದುಮಾಡಲು, ಕತ್ತರಿಸಲು, ನಕಲಿಸಲು, ಅಂಟಿಸಲು ಝಡ್, ಎಕ್ಸ್, ಸಿ, ವಿ ಎಂಬ ಅಕ್ಕಪಕ್ಕದ ನಾಲ್ಕು ಕೀಗಳನ್ನು ಆರಿಸಿತು. ಇವುಗಳಲ್ಲಿ ಸಿ ಬಿಟ್ಟರೆ ಉಳಿದ ಮೂರೂ ಆಯಾ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವಲ್ಲ. ಬಲಗೈ ಮೌಸಿನ ಮೇಲಿದ್ದಾಗ ಎಡಗೈಗೆ ಎಟುಕುವ ಸಾಲು ಅದು. 1987ರಲ್ಲಿ ಐಬಿಎಂ ತನ್ನ ಮಾರ್ಗಸೂಚಿಯಲ್ಲಿ ಬೇರೆಯೇ ದಾರಿ ಹಿಡಿದು, ಅಂಟಿಸಲು ಶಿಫ್ಟ್+ಇನ್ಸರ್ಟ್ ಎಂದಿತು. ವಿಂಡೋಸ್ ಮೊದಲು ಐಬಿಎಂ ದಾರಿಯಲ್ಲೇ ನಡೆದು, 1992ರ 3.1ನೇ ಆವೃತ್ತಿಯ ಹೊತ್ತಿಗೆ ಆಪಲ್‌ನ ಅಕ್ಷರಗಳನ್ನೂ ಒಳಗೆ ಬಿಟ್ಟುಕೊಂಡಿತು. ಹಳೆಯದನ್ನು ಕೈಬಿಡಲಿಲ್ಲ, ಇಂದಿಗೂ ಶಿಫ್ಟ್+ಇನ್ಸರ್ಟ್ ಒತ್ತಿ ನೋಡಿ, ಅಂಟುತ್ತದೆ. ಬೆರಳಿನ ಅಭ್ಯಾಸಕ್ಕೆ ಕೊಟ್ಟ ಈ ಮರ್ಯಾದೆ ನನಗೆ ಮೆಚ್ಚುಗೆ.

ಇನ್ನು ಎರಡೂ ಕೀಗಳನ್ನು ಒಂದೇ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯ ಮೈಕ್ರೋಸಾಫ್ಟ್ ವರ್ಡ್ ನೋಡಬೇಕು. ಅಲ್ಲಿ ಹೆಸರುಗಳ ಜೊತೆಗೆ ಶಾರ್ಟ್‌ಕಟ್‌ಗಳನ್ನೂ ಅನುವಾದಿಸಿದ್ದಾರೆ. ಉಳಿಸುವುದಕ್ಕೆ ‘ಗ್ವಾರ್ದಾರ್’ ಎನ್ನುವುದರಿಂದ ಕಂಟ್ರೋಲ್+ಜಿ. ದಪ್ಪಕ್ಷರಕ್ಕೆ ‘ನೆಗ್ರೀತಾ’ ಎನ್ನುವುದರಿಂದ ಕಂಟ್ರೋಲ್+ಎನ್. ಕಡತ ತೆರೆಯಲು ‘ಅಬ್ರೀರ್’, ಹಾಗಾಗಿ ಕಂಟ್ರೋಲ್+ಎ. ವರ್ಡ್‌ನಲ್ಲಿ ಕಡತ ತೆರೆಯುವ ಕಂಟ್ರೋಲ್+ಎ, ಪಕ್ಕದ ಬ್ರೌಸರಿಗೆ ಬಂದರೆ ಪುಟದಲ್ಲಿರುವುದನ್ನೆಲ್ಲ ಆಯ್ದುಕೊಳ್ಳುತ್ತದೆ. ಹೆಸರಿಗೆ ನ್ಯಾಯ ಒದಗಿಸಲು ಹೋಗಿ ಬೆರಳಿಗೆ ಅನ್ಯಾಯ.

ಕನ್ನಡದಲ್ಲಿ ಆ ತಪ್ಪು ಆಗಲಿಲ್ಲ. ಕನ್ನಡ ಟೈಪಿಸುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸದಲ್ಲಿ ಸಿ ಕೀ ಒತ್ತಿದರೆ ಮೂಡುವುದು ‘ಮ’. ಆದರೂ ಕಂಟ್ರೋಲ್ ಜೊತೆಗೆ ಒತ್ತಿದರೆ ನಕಲೇ ಆಗುತ್ತದೆ. ತೊಡಕಿರುವುದು ಆಕ್ಸೆಸ್ ಕೀಗೆ. ‘ಸಂಪಾದನೆ’ ಎಂಬುದರಲ್ಲಿ ಗೆರೆ ಎಳೆಯುವುದು ಎಲ್ಲಿ? ‘ಸಂ’ ಎನ್ನಲು ಎರಡು ಕೀ ಒತ್ತಬೇಕು. ಒತ್ತಕ್ಷರವಿದ್ದರೆ ಅಡಿಗೆರೆ ಅದಕ್ಕೆ ತಾಗುತ್ತದೆ. ಬಳಕೆದಾರರ ಕೀಬೋರ್ಡು ಆ ಹೊತ್ತಿಗೆ ಇಂಗ್ಲಿಷಿನಲ್ಲಿದ್ದರೆ ‘ಸ’ ಎಂಬ ಕೀಯೇ ಅಲ್ಲಿರುವುದಿಲ್ಲ. ಹೀಗಾಗಿ ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಮೆನುಗಳನ್ನು ಕನ್ನಡಕ್ಕೆ ತಂದವರು, ಜಪಾನಿ ಮೆನುಗಳಲ್ಲಿರುವಂತೆ, ‘ಕಡತ’ ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ ಇಂಗ್ಲಿಷ್ ಎಫ್ ಅಕ್ಷರವನ್ನು ಇಟ್ಟು ಅದರಡಿ ಗೆರೆ ಎಳೆದರು. ನೋಡಲು ತುಸು ತೇಪೆ ಹಾಕಿದಂತಿದೆ, ಒಪ್ಪುತ್ತೇನೆ. ಆದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಮೆನುವಿನ ಹೆಸರಿನ ಜೊತೆಗೆ ಆಕ್ಸೆಸ್ ಕೀಯನ್ನೂ ಗಟ್ಟಿಯಾಗಿ ಹೇಳುತ್ತದೆ. ದೃಷ್ಟಿ ಇಲ್ಲದವರಿಗೆ ಮೆನುವಿನೊಳಗೆ ಓಡಾಡಲು ಅದು ದೊಡ್ಡ ಆಸರೆ. ಚೆಂದದ ನೆಪ ಹೇಳಿ ಅದನ್ನು ಕಿತ್ತುಹಾಕುವ ಅನುವಾದಕರ ಮೇಲೆ ನನಗೆ ಸಿಟ್ಟಿದೆ.

ಹೆಸರುಗಳ ವಿಷಯದಲ್ಲೂ ಒಂದು ಶಿಸ್ತು ಬೇಕು. ಮೆನುವಿನಲ್ಲಿ ಮಾತಾಡುವವರು ಬಳಕೆದಾರರು, ಕೇಳಿಸಿಕೊಳ್ಳುವುದು ಯಂತ್ರ; ಅಲ್ಲಿ ‘ಉಳಿಸು’, ‘ಮುಚ್ಚು’ ಎಂದರೆ ಸರಿ. ಸಂದೇಶದ ಚೌಕದಲ್ಲಿ ಯಂತ್ರ ನಮಗೆ ಹೇಳುತ್ತದೆ. ಅಲ್ಲಿ ‘ಹೆಸರು ಬರೆಯಿರಿ’ ಎಂದೇ ಆಗಬೇಕು. ಒಂದೇ ಪಟ್ಟಿಯಲ್ಲಿ ‘ಉಳಿಸು’, ‘ತೆರೆಯಿರಿ’, ‘ಮುದ್ರಣ’ ಮೂರೂ ಬೆರೆತರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಹೆಸರಿನ ಮುಂದಿನ ಮೂರು ಚುಕ್ಕಿಗೂ ಅರ್ಥವಿದೆ: ಕೆಲಸ ಮುಗಿಸುವ ಮುನ್ನ ಇನ್ನೇನನ್ನೋ ಕೇಳಲಿಕ್ಕಿದೆ ಎಂದು.

ಹೊಸ ಶಾರ್ಟ್‌ಕಟ್ ಹುಡುಕುವವರು ಕಂಟ್ರೋಲ್+ಆಲ್ಟ್ ಜೋಡಿಯತ್ತ ಕೈಚಾಚುವುದುಂಟು. ವಿಂಡೋಸ್‌ನಲ್ಲಿ ಆ ಜೋಡಿ ಬಲಗಡೆಯ ಆಲ್ಟ್‌ಗೆ ಸಮ, ಮತ್ತು ಭಾರತದ ಇಂಗ್ಲಿಷ್ ಕೀಬೋರ್ಡಿನಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ಬರುವುದು ₹. ಕಂಟ್ರೋಲ್+ಆಲ್ಟ್+4ನ್ನು ತಂತ್ರಾಂಶ ತನ್ನದಾಗಿಸಿಕೊಂಡರೆ, ಲೆಕ್ಕ ಬರೆಯುವವರು ಅದರೊಳಗೆ ರೂಪಾಯಿ ಚಿಹ್ನೆ ಹಾಕಲು ಹೊರಟಾಗಲೆಲ್ಲ ಬೇರೇನೋ ಕಿಟಕಿ ತೆರೆದುಕೊಳ್ಳುತ್ತದೆ.