ಆಮಿಸ್ ಜನರ ದಿನಬಳಕೆಯ ಪಾತ್ರೆ ಪರಿಕರಗಳು: ಅಧ್ಯಯನ ಟಿಪ್ಪಣಿ

ತೈವಾನಿನ ಪೂರ್ವ ಭಾಗದ ಹುವಾಲಿಯೆನ್ ಮತ್ತು ತೈತುಂಗ್ ಪ್ರದೇಶಗಳಲ್ಲಿ ಹೆಚ್ಚಾಗಿ ನೆಲೆಸಿರುವ ಆಮಿಸ್ ಜನರು ಆ ದ್ವೀಪದ ಮೂಲನಿವಾಸಿಗಳಲ್ಲೇ ಅತಿ ದೊಡ್ಡ ಸಮುದಾಯ. ಅವರ ಸಂಖ್ಯೆ 2 ಲಕ್ಷವನ್ನು ಮೀರುತ್ತದೆ. ಅವರ ಪರಿಕರಗಳನ್ನು ಮಣ್ಣಿನವು, ಮರದವು, ಬಿದಿರಿನವು ಎಂದು ವಿಂಗಡಿಸಿ ಓದಬಹುದು. ಆದರೆ ಒಂದೊಂದು ವಸ್ತುವನ್ನೂ ಎಷ್ಟು ಕಾಲದ ಬಾಳಿಕೆಗೆಂದು ಮಾಡಿದ್ದಾರೆ ಎಂದು ನೋಡುವುದು ನನಗೆ ಹೆಚ್ಚು ಉಪಯುಕ್ತವೆನಿಸಿದೆ.

ಒಂದೇ ಹೊತ್ತಿನ ಬಾಳಿಕೆಯದು ಅಡಿಕೆ ಹಾಳೆಯ ಪಾತ್ರೆ. ಉದುರಿದ ಹಾಳೆಯ ಎರಡೂ ತುದಿಗಳನ್ನು ಮಡಿಚಿ ಭದ್ರಪಡಿಸಿ, ಅದರಲ್ಲಿ ನೀರು, ಮೀನು, ಕಾಡುಸೊಪ್ಪು ಹಾಕಿ, ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿದ ಕಲ್ಲುಗಳನ್ನು ಒಂದೊಂದಾಗಿ ಇಳಿಬಿಡುತ್ತಾರೆ. ಬಿಸಿಯು ಅಡಿಯಿಂದ ಬಾರದೆ ನೀರಿನೊಳಗಿಂದಲೇ ಹರಡುವುದರಿಂದ ಸಾರು ಕುದಿಯುತ್ತದೆ, ಹಾಳೆ ಸುಡುವುದಿಲ್ಲ. ಮೀನಿಗೋ ಬೇಟೆಗೋ ಹೊರಟವರು ಮಡಕೆ ಹೊರಬೇಕಿಲ್ಲ. ಹಾಳೆಯನ್ನು ಟೊಪ್ಪಿಯಾಗಿ, ತಟ್ಟೆಯಾಗಿ ಬಲ್ಲ ನಮ್ಮ ಕರಾವಳಿಯವರಿಗೂ ಅದರಲ್ಲಿ ಅಡುಗೆ ಮಾಡುವುದು ಹೊಸದೆನಿಸೀತು.

ಕೇದಗೆ ಜಾತಿಯ ಗಿಡದ ಎಲೆಗಳಿಂದ ಹೆಣೆದ ಅಲಿಫೊಂಗ್‌ಫೊಂಗ್ ಸಹ ಹೀಗೆಯೇ ಅಲ್ಪಾಯುಷಿ. ಮುಳ್ಳು ತೆಗೆದ ಎಲೆಯ ಪುಟ್ಟ ಪೊಟ್ಟಣದಲ್ಲಿ ಅಂಟಕ್ಕಿ ತುಂಬಿ ಬೇಯಿಸಿದರೆ ಅದೇ ಬುತ್ತಿ. ತುಳುನಾಡಿನ ಮೂಡೆಯನ್ನು ಇದು ನೆನಪಿಸುತ್ತದೆಯಾದರೂ ಮೂಡೆಗೆ ಹಾಕುವುದು ರುಬ್ಬಿದ ಹಿಟ್ಟು, ಇಲ್ಲಿ ತುಂಬುವುದು ಇಡೀ ಅಕ್ಕಿ.

ವರ್ಷಗಟ್ಟಲೆ ಉಳಿಯುವಂಥವು ಮಣ್ಣಿನ ಪಾತ್ರೆಗಳು. ಕುಂಬಾರಿಕೆ ಇಲ್ಲಿ ಹೆಂಗಸರ ಕೆಲಸ. ಸಮೀಪದ ಆರ್ಕಿಡ್ ದ್ವೀಪದ ತಾವೊ ಜನರಲ್ಲಿ ಅದು ಗಂಡಸರದು ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ತಿಗರಿ ಬಳಸದೆ, ಒಳಗೆ ಕಲ್ಲೊಂದನ್ನು ಒತ್ತಿ ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ಬಯಲಿನಲ್ಲೇ ಸುಡುತ್ತಿದ್ದರು. ಹೆಂಗಸರು ತಲೆಯ ಮೇಲೆ ಹೊತ್ತು ನೀರು ತರುತ್ತಿದ್ದ ಕೊಡ ಅತೊಮೊ; ಪೂಜಾವಿಧಿಗಳಿಗೆ ಮೀಸಲಾದ ಚಿಕ್ಕ ಪಾತ್ರೆ ದಿವಾಸ್.

ಮರದ ಒರಳು, ಒನಕೆಗಳನ್ನು ಧಾನ್ಯ ಕುಟ್ಟುವುದಕ್ಕಷ್ಟೇ ಅಲ್ಲದೆ, ಹಬೆಯಲ್ಲಿ ಬೆಂದ ಅಂಟಕ್ಕಿಯನ್ನು, ಅಂದರೆ ಹಕ್‌ಹಕ್ ಅನ್ನು, ಜಜ್ಜಿ ತೊರೊನ್ ಎಂಬ ಮುದ್ದೆ ಮಾಡುವುದಕ್ಕೂ ಬಳಸುತ್ತಾರೆ.

ಹುವಾಲಿಯೆನ್‌ನ ಫಾತಾಆನ್ ಜೌಗಿನ ಪಲಕಾವ್ ಅನ್ನು ಪರಿಕರವೆನ್ನುವುದೋ ಮನೆಯೆನ್ನುವುದೋ ಎಂಬುದು ಚರ್ಚಾರ್ಹ, ಏಕೆಂದರೆ ಅದು ಮೀನನ್ನು ಸೆರೆಹಿಡಿಯುವುದಿಲ್ಲ, ನೆಲೆಗೊಳಿಸುತ್ತದೆ. ಅಡಿಯಲ್ಲಿ ಟೊಳ್ಳು ಬಿದಿರು, ನಡುವೆ ಮರದ ಕೊಂಬೆಗಳ ಕಟ್ಟು, ಮೇಲೆ ಬಿದಿರ ರೆಂಬೆಗಳು ಎಂದು ಮೂರು ಪದರಗಳಲ್ಲಿ ಕಟ್ಟಿ ನೀರಿನಲ್ಲಿಟ್ಟರೆ, ಹಾವುಮೀನಿನಂಥವು ತಳದ ಕೊಳವೆಗಳನ್ನೂ ಸಿಗಡಿಗಳು ನಡುವಿನ ಸಂದುಗಳನ್ನೂ ಸೇರುತ್ತವೆ; ಬೇಕಾದಾಗ ಕೊಂಬೆಗಳನ್ನು ಎತ್ತಿ ಕೊಡವಿ, ಬೇಕಾದಷ್ಟನ್ನು ಆಯ್ದುಕೊಂಡು, ಮತ್ತೆ ಅಲ್ಲೇ ಇಳಿಸುತ್ತಾರೆ.