ಮಗುವಿಗೂ ಬೇಡ ಅನ್ನುವ ಹಕ್ಕಿದೆ

1939ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ, ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅದರ ಹಿಂದಿದ್ದವರು ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಮತ್ತು ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್. ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ದೊಡ್ಡವರು ಮಗುವಿನ ಮಾತಿನಲ್ಲಿ ತಪ್ಪು ಹಿಡಿಯುತ್ತಾ ಹೋದರೆ ಉಗ್ಗು ಶುರುವಾಗುತ್ತದೆ ಎಂಬುದು ಅವರ ಊಹೆ. ಅದನ್ನು ಪರೀಕ್ಷಿಸಲು, ಚೆನ್ನಾಗಿಯೇ ಮಾತಾಡುತ್ತಿದ್ದ 6 ಮಕ್ಕಳಿಗೆ 'ನಿನಗೆ ಉಗ್ಗು ಬರುತ್ತಿದೆ, ಸರಿಯಾಗಿ ಆಡಲು ಬಾರದಿದ್ದರೆ ಮಾತೇ ಆಡಬೇಡ' ಎಂದು ತಿಂಗಳುಗಟ್ಟಲೆ ಹೇಳಿದರು. ಮಕ್ಕಳು ಉಗ್ಗಲಿಲ್ಲ. ಆದರೆ ಬಾಯಿ ತೆರೆಯಲೇ ಹೆದರತೊಡಗಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. 2007ರಲ್ಲಿ ರಾಜ್ಯ ಸರ್ಕಾರ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು.

ಇಲ್ಲಿ ನನ್ನನ್ನು ಜಾಸ್ತಿ ಕಾಡುವುದು ಒಂದೇ ಸಂಗತಿ. ಆ ಮಕ್ಕಳ ಪರವಾಗಿ ಬೇಡ ಅನ್ನಲು ಅಲ್ಲಿ ಯಾರೂ ಇರಲಿಲ್ಲ.

ಮಕ್ಕಳ ಮೇಲೆ ನಡೆಸುವ ಸಂಶೋಧನೆಗೆ ನಮ್ಮಲ್ಲಿ ಈಗ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಅಪ್ಪ ಅಮ್ಮನ ಸಹಿಯೊಂದೇ ಸಾಲದು. 7ರಿಂದ 12 ವರ್ಷದ ಮಗುವಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ, ಅದಕ್ಕಿಂತ ದೊಡ್ಡ ಮಕ್ಕಳದನ್ನು ಬರಹದಲ್ಲಿ ಪಡೆಯಬೇಕು.

ಆದರೆ ತರಗತಿಯ ಒಳಗೆ ನೋಡಿ. ಸಮೀಕ್ಷೆಯವರು ಬರುತ್ತಾರೆ, ಹೆಡ್‌ಮಾಸ್ಟರ್ ಒಪ್ಪುತ್ತಾರೆ, ಮೇಷ್ಟ್ರು ಹಾಳೆ ಹಂಚುತ್ತಾರೆ. ಮಗುವಿಗೆ ಅದು ಇನ್ನೊಂದು ಪರೀಕ್ಷೆ. ಮೇಷ್ಟ್ರ ಎದುರು ಬೇಡ ಅನ್ನುವ ಮಗು ಎಷ್ಟಿದೆ ಹೇಳಿ? ಮೇಷ್ಟ್ರನ್ನು ಹೊರಗೆ ಕಳಿಸಿ, ಇದಕ್ಕೆ ಮಾರ್ಕ್ಸ್ ಇಲ್ಲ, ಇಷ್ಟವಿಲ್ಲದ ಪ್ರಶ್ನೆ ಬಿಡಬಹುದು, ನಡುವೆ ಎದ್ದು ಹೋಗಬಹುದು ಎಂದು ಮೊದಲೇ ತಿಳಿಸಿದರೆ ಮಾತ್ರ ಒಪ್ಪಿಗೆಗೆ ಅರ್ಥ ಬರುತ್ತದೆ. ಅಷ್ಟಾದರೂ ಮಕ್ಕಳು ಬಾಯಿಬಿಟ್ಟು ಬೇಡ ಅನ್ನುವುದು ಕಡಿಮೆ. ತಲೆ ತಗ್ಗಿಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಕೇಳಿದ್ದಕ್ಕೆಲ್ಲ ಸುಮ್ನೆ ಹೂಂ ಅನ್ನುತ್ತಾರೆ. ಅದನ್ನೂ ಬೇಡ ಎಂದೇ ತಿಳಿದು ಅಲ್ಲಿಗೆ ನಿಲ್ಲಿಸಬೇಕು. ಮಾಹಿತಿ ಅರ್ಧವಾದರೆ ಆಗಲಿ.

ಇನ್ನೊಂದು ಕಷ್ಟದ ವಿಷಯ ಗುಟ್ಟಿನದು. 'ನೀನು ಹೇಳಿದ್ದನ್ನು ಯಾರಿಗೂ ಹೇಳಲ್ಲ' ಎಂದು ಸಂಶೋಧಕರು ಸಲೀಸಾಗಿ ಮಾತು ಕೊಟ್ಟುಬಿಡುತ್ತಾರೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ನಂಬಿ ಹೇಳಿಕೊಂಡ ಮಗುವಿಗೆ ಆಮೇಲೆ ಮನೆಗೆ ಪೊಲೀಸರು ಬಂದರೆ ಹೇಗಾಗಬೇಡ? ಹಾಗಾಗಿ ಮೊದಲ ಪ್ರಶ್ನೆಗೂ ಮುಂಚೆಯೇ, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಬೇಕು: 'ನಿನಗೆ ಯಾರಾದರೂ ನೋವು ಮಾಡುತ್ತಿದ್ದಾರೆ ಅಂತ ಗೊತ್ತಾದರೆ, ಅದೊಂದನ್ನು ಮಾತ್ರ ನಾನು ಗುಟ್ಟಾಗಿ ಇಟ್ಟುಕೊಳ್ಳೋಕೆ ಆಗಲ್ಲ ಪುಟ್ಟ.'