ಹೆಂಡತಿಯ ಮಾತ್ರೆ, ಮಗುವಿನ ಸಿರಪ್

ಉದ್ದೀಪನ ಮದ್ದು ಅಂದರೆ ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಅಂತಲೇ ಹೆಚ್ಚಿನವರ ಲೆಕ್ಕ. ಅಂಥ ಫುಟ್‌ಬಾಲ್ ಆಟಗಾರರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಕ್ರೀಡಾ ವೈದ್ಯನಾಗಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಮನೆಯ ಔಷಧಿ ಡಬ್ಬಿ.

ಆಂಡ್ರೆ ಒನಾನಾ ಪ್ರಕರಣ ನೋಡಿ. ಆಗ ಅವರು ನೆದರ್ಲೆಂಡ್ಸ್‌ನ ಅಯಾಕ್ಸ್ ತಂಡದ ಗೋಲ್‌ಕೀಪರ್. 2020ರ ಅಕ್ಟೋಬರ್ 30ರ ಬೆಳಿಗ್ಗೆ ಮೈ ಸರಿಯಿರಲಿಲ್ಲವೆಂದು ಒಂದು ಮಾತ್ರೆ ನುಂಗಿದರು. ಅದು ಹೆಂಡತಿಗೆ ಡಾಕ್ಟರ್ ಬರೆದುಕೊಟ್ಟಿದ್ದ ಮಾತ್ರೆ. ಅದೇ ದಿನ ಕೊಟ್ಟ ಮೂತ್ರದ ಮಾದರಿಯಲ್ಲಿ ಫ್ಯೂರೋಸೆಮೈಡ್ ಸಿಕ್ಕಿತು. ನಮ್ಮಲ್ಲಿ ಲ್ಯಾಸಿಕ್ಸ್ ಅಂತ ಸಿಗುತ್ತದಲ್ಲ, ಕಾಲು ಬಾತ ಹಿರಿಯರಿಗೆ ಕೊಡುವುದು, ಅದೇ.

ಇದನ್ನು ನುಂಗಿದರೆ ಯಾವ ಗೋಲ್‌ಕೀಪರೂ ಎತ್ತರಕ್ಕೆ ಹಾರುವುದಿಲ್ಲ. ಪದೇ ಪದೇ ಮೂತ್ರಕ್ಕೆ ಓಡಬೇಕಾಗುತ್ತದೆ, ಅಷ್ಟೇ. ಹಾಗಾದರೆ ನಿಷೇಧ ಯಾಕೆ? ಮೂತ್ರ ತೆಳುವಾದರೆ ಅದರಲ್ಲಿ ಸ್ಟೀರಾಯ್ಡ್‌ನಂಥ ಬೇರೆ ಮದ್ದಿನ ಗುರುತು ಹಿಡಿಯುವುದು ಕಷ್ಟ. ಒನಾನಾ ಮೋಸ ಮಾಡಲು ಹೊರಟಿರಲಿಲ್ಲ ಎಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಒಪ್ಪಿತು. ಆದರೂ 12 ತಿಂಗಳ ನಿಷೇಧ ಹಾಕಿತು. ಮೇಲ್ಮನವಿಯಲ್ಲಿ ಅದು 9 ತಿಂಗಳಿಗೆ ಇಳಿಯಿತು.

ನಿಮ್ಮ ಮೈಯೊಳಗೆ ಏನು ಹೋದರೂ ಅದಕ್ಕೆ ನೀವೇ ಹೊಣೆ ಅನ್ನುತ್ತದೆ ನಿಯಮ. ಡಾಕ್ಟರ್, ಜಿಮ್ ಟ್ರೇನರ್ ಕೊಟ್ಟಿದ್ದರೂ ಅಷ್ಟೇ. ಉದ್ದೇಶ ಏನಿತ್ತು ಅನ್ನುವುದು ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಶಿಕ್ಷೆಯ ಅವಧಿ ನಿರ್ಧರಿಸುವಾಗ. ಜಾಸ್ತಿಯಾಯಿತು ಅನ್ನಿಸುತ್ತದೆ, ಅಲ್ವಾ? ನನಗೂ ಕೆಲವೊಮ್ಮೆ ಅನ್ನಿಸುತ್ತದೆ. ಆದರೆ ‘ಗೊತ್ತಿರಲಿಲ್ಲ’ ಅಂದವರನ್ನೆಲ್ಲ ಬಿಡುತ್ತಾ ಹೋದರೆ ಪರೀಕ್ಷೆ ಸುಮ್ನೆ ದಂಡ.

ಅರ್ಜೆಂಟೀನಾ ಜೊತೆ 2022ರ ವಿಶ್ವಕಪ್ ಗೆದ್ದ ಪಾಪು ಗೊಮೆಜ್‌ಗೆ ಮರುವರ್ಷ 2 ವರ್ಷದ ನಿಷೇಧ ಬಿತ್ತು. ಮಾದರಿಯಲ್ಲಿ ಸಿಕ್ಕಿದ್ದು ಟೆರ್ಬ್ಯುಟಲಿನ್, ಶ್ವಾಸನಾಳ ಸಡಿಲಿಸಿ ಉಸಿರಾಟ ಸಲೀಸು ಮಾಡುವ ಔಷಧಿ. ಮಗುವಿನ ಕೆಮ್ಮಿನ ಸಿರಪ್ ಒಂದು ಚಮಚ ಕುಡಿದಿದ್ದೆ ಅಂದರು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲೂ ಇದೇ ಇರುತ್ತದೆ. ಇಲ್ಲಿ ಆಡುವ ಹುಡುಗರು ಲೇಬಲ್ ಓದಿಯೇ ಕುಡಿಯಬೇಕು.

ನಿಷೇಧ ಅಂದರೆ ಪಂದ್ಯ ಮಾತ್ರ ತಪ್ಪುವುದಿಲ್ಲ. ತಂಡದ ಜೊತೆ ಅಭ್ಯಾಸವೂ ಇಲ್ಲ, ಕ್ಲಬ್‌ನ ಜಿಮ್ಮೂ ಇಲ್ಲ. ಕೊನೆಯ ಎರಡು ತಿಂಗಳು ಅಥವಾ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟರಲ್ಲಿ ಮಾತ್ರ ಅಭ್ಯಾಸಕ್ಕೆ ಮರಳಬಹುದು. ಒಬ್ಬರೇ ಓಡಿ ದಮ್ಮು ಉಳಿಸಿಕೊಳ್ಳಬಹುದು, ಪಂದ್ಯದ ವೇಗ ಉಳಿಯುವುದಿಲ್ಲ. ಫ್ರಾನ್ಸ್‌ನ ಆಟಗಾರ ಪಾಲ್ ಪೊಗ್ಬಾಗೆ ಬಿದ್ದಿದ್ದ 4 ವರ್ಷದ ನಿಷೇಧ 2024ರ ಅಕ್ಟೋಬರ್‌ನಲ್ಲಿ 18 ತಿಂಗಳಿಗೆ ಇಳಿಯಿತು. ಮುಂದಿನ ತಿಂಗಳೇ ಇಟಲಿಯ ಕ್ಲಬ್ ಯುವೆಂಟಸ್ ಜೊತೆಗಿನ ಒಪ್ಪಂದ ಮುಗಿಯಿತು.

ಕಾಯಿಲೆಗೆ ಔಷಧಿ ಬೇಕೇ ಬೇಕಾದರೆ ದಾರಿಯಿದೆ. ಆಸ್ತಮಾ ಇರುವವರು ಸಾಲ್ಬುಟಮಾಲ್ ಇನ್ಹೇಲರನ್ನು ಮಿತಿಯೊಳಗೆ ಬಳಸಬಹುದು. ಅದನ್ನೇ ಮಾತ್ರೆಯಾಗಿ ನುಂಗುವುದಿದ್ದರೆ ವೈದ್ಯಕೀಯ ವಿನಾಯಿತಿಗೆ ಮೊದಲೇ ಅರ್ಜಿ ಹಾಕಬೇಕು. ಹಳೆಯ ಚೀಟಿ ನಂಬಬೇಡಿ. ಪ್ರತಿ ಜನವರಿ 1ಕ್ಕೆ ನಿಷಿದ್ಧ ಮದ್ದುಗಳ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಮಂಡಿ ನೋವಿಗೆ ಅನೇಕರು ನುಂಗುತ್ತಿದ್ದ ಟ್ರಮಡಾಲ್ 2024ರಿಂದ ಪಂದ್ಯದ ವೇಳೆ ನಿಷಿದ್ಧ.